ಲಕ್ಕಯ್ಯನವರ ಪಿಕಪ್ಪಿಗೆ ಹೊಸ ಎಂಜಿನ್

ಗಂಗಲಕ್ಷ್ಮಿಯ ನಡಿಗೆಗೆ ಅಡ್ಡ ಬರುವ ಧೈರ್ಯ ಹಾಲ್ಕುರಿಕೆಯ ಹೋರಿಗಳಿಗೂ ಇಲ್ಲ. ಸೀರೆಯ ಮೇಲೆ ತೀರಿಕೊಂಡ ತಂದೆ ಲಕ್ಕಯ್ಯನವರ ಖಾಕಿ ಕೋಟು ತೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು, ಐವತ್ತು ದಾಟಿದ ಈ ಹೆಂಗಸು ತೋಟದ ಬದುವಿನ ಮೇಲೆ ಬರುತ್ತಿದ್ದರೆ ಎದುರಿನವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಾರೆ. ಯಾವ ಆತಂಕವನ್ನು ಮುಂದಿಟ್ಟರೂ ಆಕೆಯದು ಒಂದೇ ಉತ್ತರ: "ಆಯ್ತದೆ ಬುಡಿ." ಆ ಮಾತಿನಲ್ಲಿ ಅಭಯಕ್ಕಿಂತ ಅಪ್ಪಣೆಯ ಪ್ರಮಾಣವೇ ಹೆಚ್ಚು.

ಲಕ್ಕಯ್ಯನವರು ಬಿಟ್ಟುಹೋದ ಹಳೆಯ ಪಿಕಪ್ಪಿನ ವಿಷಯದಲ್ಲೂ ಹೀಗೇ ಆಯಿತು. ತುಕ್ಕು ಕೆರೆಸಿ, ತಗಡು ಬೆಸೆಸಿ, ಅದರ ಹಸಿರು ಬಣ್ಣವನ್ನು ಮರಳಿ ತರುವವರೆಗೂ ಅಕ್ಕ ತಮ್ಮ ಒಂದೇ ಮನಸ್ಸಿನವರಾಗಿದ್ದರು. ತಕರಾರು ಹುಟ್ಟಿದ್ದು ಎಂಜಿನ್ನಿನ ಬಳಿ. ಹಳೆಯ ಪೆಟ್ರೋಲ್ ಎಂಜಿನ್ ಉಳಿದರೆ ಮಾತ್ರ ಅದು ಅಪ್ಪನ ಗಾಡಿ ಎಂಬುದು ತಮ್ಮ ರಂಗರಾಜುವಿನ ವಾದ. ಹಳೆಯ ವಾಹನಗಳ ಶೋಕಿಯಿದ್ದ ಸಾಹುಕಾರರೊಬ್ಬರು ಪ್ರದರ್ಶನಕ್ಕಿಡಲು ಅದನ್ನು ಕೇಳಿಯೂ ಇದ್ದರು. ತೆಂಗಿನಕಾಯಿ ತುಂಬಿಕೊಂಡು ತೋಟದಾಚೆಯ ದಿಬ್ಬ ಹತ್ತಲಾರದ ಗಾಡಿ ಅಪ್ಪನದು ಹೇಗಾದೀತೆಂಬುದು ಅಕ್ಕನ ಪ್ರಶ್ನೆ. ಕಡೆಗೆ ಒಪ್ಪಂದವಾಯಿತು: ಡೀಸೆಲ್ ಎಂಜಿನ್ ಕೂರಿಸಿ, ತುಂಬಿದ ಹೇರಿನೊಂದಿಗೆ ದಿಬ್ಬ ಹತ್ತಿಸಿದರೆ ಪಿಕಪ್ಪು ಮನೆಯಲ್ಲಿ; ಇಲ್ಲವಾದರೆ ಹಳೆಯ ಎಂಜಿನ್ನಿನ ಸಮೇತ ಸಾಹುಕಾರರ ಪಾಲು.

ತಿಪಟೂರಿನ ಮೆಕ್ಯಾನಿಕ್ ದಯಾನಂದ್ ಎಂಜಿನ್ ಕೂರಿಸಿದ, ಅದರ ಬಲಕ್ಕೆ ತಕ್ಕಂತೆ ಬ್ರೇಕನ್ನೂ ಬದಲಿಸಿದ. ಆದರೆ ಡೀಸೆಲ್ಲಿನ ನಡುಕ ಗಂಗಲಕ್ಷ್ಮಿಗೆ ಹಿಡಿಸಲಿಲ್ಲ. ನಡುಕ ತಡೆಯಲು ಎಂಜಿನ್ನಿನ ಅಡಿಗೆ ಹಾಕುವ ಸರಿಯಾದ ರಬ್ಬರು ಬರುವವರೆಗೆ ತಾಳಿರೆಂದು ಅವನು ಹೇಳಿದ್ದರೂ ಕೇಳದೆ, ನಮ್ಮ ತೆಂಗಿನ ಸೀಮೆಯವರು ಮಾತ್ರ ಮಾಡಬಹುದಾದ ಕೆಲಸವೊಂದನ್ನು ಮಾಡಿದಳು: ಎಂಜಿನ್ನಿನ ಅಡಿಗೆ ತೆಂಗಿನ ನಾರನ್ನು ಗಿಡಿದು ತುಂಬಿದಳು. ಹಗ್ಗದಿಂದ ಹಾಸಿಗೆಯವರೆಗೆ ಎಲ್ಲಕ್ಕೂ ಒದಗುವ ನಾರು ಇದಕ್ಕೇಕೆ ಒದಗದು ಎಂಬ ಧೈರ್ಯ ಆಕೆಯದು.

ಪಂದ್ಯದ ದಿನ ಕಾಯಿ ತುಂಬಿದ ಗಾಡಿಯನ್ನು ಆಕೆಯೇ ದಿಬ್ಬಕ್ಕೆ ಹತ್ತಿಸಿದಳು. ಅರ್ಧದಲ್ಲಿ ಬಾನೆಟ್ಟಿನ ಸಂದಿಯಿಂದ ದಟ್ಟವಾಗಿ ಹೊಗೆ ಎದ್ದಿತು. "ಎಂಜಿನ್ ಹೋಯ್ತು ಕಣಕ್ಕ, ಇಳಿ ಮೊದ್ಲು," ಎಂದ ಪಕ್ಕದಲ್ಲೇ ನಡೆದು ಬರುತ್ತಿದ್ದ ರಂಗರಾಜು. ಪಂದ್ಯ ಮರೆತು ಅವನು ನಿಜಕ್ಕೂ ಹೆದರಿದ್ದ. ಗಂಗಲಕ್ಷ್ಮಿ ಇಳಿದು, ಚಕ್ರಕ್ಕೆ ಕಲ್ಲು ಕೊಡಿಸಿ, ಮೂಗರಳಿಸಿ ವಾಸನೆ ಹಿಡಿದಳು. ನಾರು ಉರಿಸುವ ನೀರೊಲೆಯ ಮುಂದೆ ಬೆಳೆದ ಮೂಗು ತಪ್ಪಲಿಲ್ಲ. "ಎಂಜಿನ್ ಅಲ್ಲ ಕಣ್ಲಾ, ನಾರು. ನಂದೇ ತಪ್ಪು," ಎಂದವಳೇ, ಹೊಗೆಕೊಳವೆಯ ಕಾವಿಗೆ ಕೆಂಡವಾಗುತ್ತಿದ್ದ ನಾರನ್ನೆಲ್ಲ ಕೋಲಿನಿಂದ ಹೊರಗೆಳೆದು, ತುಳಿದು ಆರಿಸಿ, ಮತ್ತೆ ಏರಿ ಕುಳಿತಳು. ಗಾಡಿ ಗಡಗಡ ನಡುಗುತ್ತಲೇ ದಿಬ್ಬದ ನೆತ್ತಿ ಮುಟ್ಟಿತು.

ಹಿಂದಿನಿಂದ ಏದುಸಿರು ಬಿಡುತ್ತ ಬಂದ ರಂಗರಾಜು ಗಾಡಿಯ ಬಾಗಿಲಿಗೆ ಕೈಯೂರಿದ. "ನಾಳೆ ನಮ್ಮ ಕಾಯೂ ಕೆಡವುಸ್ತೀನಿ. ಗಾಡಿ ತಗಂಡ್ ಬತ್ತೀಯೇನಕ್ಕ?" ಎಂದ.

ಹಿರಿಯರನ್ನು ನೆನೆಯುವ ಬಗೆ ಹಲವು. ಕೆಲವರು ಅವರ ವಸ್ತುಗಳನ್ನು ಒರೆಸಿ, ಮುಚ್ಚಿಟ್ಟು, ವರ್ಷಕ್ಕೊಮ್ಮೆ ತೆಗೆದು ಕೈಮುಗಿಯುತ್ತಾರೆ. ಆ ಭಕ್ತಿಗೆ ಕೊರತೆಯೆಣಿಸಬೇಕಿಲ್ಲ. ಗಂಗಲಕ್ಷ್ಮಿಯಂಥವರು ಮಾತ್ರ ಆ ವಸ್ತುಗಳ ಹೊಟ್ಟೆ ಬಿಚ್ಚಿ, ಬೇಕಾದ್ದನ್ನು ಬದಲಿಸಿ, ಬೆನ್ನಿಗೆ ಹೇರು ಹೊರಿಸಿ, ಮರುದಿನದ ಕೆಲಸಕ್ಕೂ ಹಚ್ಚಿಬಿಡುತ್ತಾರೆ. ಅವರ ಮನೆಗಳಲ್ಲಿ ತೀರಿಹೋದವರು ದುಡಿಯುವುದನ್ನು ಇನ್ನೂ ನಿಲ್ಲಿಸಿಲ್ಲ.