ಪಂಪು ಹಾಕಿದಾಗ ನಿಲ್ಲುವ ಹಾಡು

ಕೆರೆಯ ಪಂಪು ಶುರುವಾದ ಕೂಡಲೇ ನಮ್ಮ ಮನೆಯ ಸಿ.ಡಿ. ಪ್ಲೇಯರ್ ಸಾಯುತ್ತಿತ್ತು. ಪಂಪು ಎಸ್ಟೇಟಿನದು. ಅದನ್ನು ಹಾಕುವವನು ನನ್ನ ಅಪ್ಪ ನಿಂಗಯ್ಯ. ಕೂಲಿ ಲೈನಿನ ಮನೆಗಳಿಗೂ ಆ ಪಂಪಿಗೂ ಒಂದೇ ಟಿ.ಸಿ.ಯಿಂದ, ಅಂದರೆ ಕಂಬದ ಟ್ರಾನ್ಸ್‌ಫಾರ್ಮರಿನಿಂದ, ಕರೆಂಟು. ಬೇಸಿಗೆ ಬಂತೆಂದರೆ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡಬೇಕು. ಸಂಜೆ ತ್ರೀ ಫೇಸ್ ಬಂದಾಗ ಅಪ್ಪ ಅಲ್ಲಿ ಸ್ಟಾರ್ಟರ್ ಒತ್ತಿದರೆ ಇಲ್ಲಿ ನಮ್ಮ ಬಲ್ಬು ಅರಿಶಿನದ ಬಣ್ಣಕ್ಕೆ ಇಳಿಯುತ್ತದೆ, ಹಾಡುತ್ತಿದ್ದವಳ ಗಂಟಲು ಹಿಸುಕಿದ ಹಾಗೆ ಹಾಡು ಪದದ ಮಧ್ಯದಲ್ಲೇ ನಿಲ್ಲುತ್ತದೆ. ಎಸ್ಟೇಟ್ ಯಜಮಾನರ ಬಂಗಲೆಯಲ್ಲಿ ಮಾತ್ರ ಏನೂ ಆಗುವುದಿಲ್ಲ. ಅವರಿಗೆ ಬೇರೆ ಟಿ.ಸಿ. ಇದೆ, ಅದು ಕೈಕೊಟ್ಟರೆ ಜನರೇಟರ್ ಇದೆ.

ಪ್ಲೇಯರ್ ಕೂಡ ಬಂಗಲೆಯದೇ. ಬಂಗಲೆಯನ್ನು ಹೋಮ್‌ಸ್ಟೇ ಮಾಡುವಾಗ ಯಜಮಾನಿ ರುಕ್ಮಿಣಮ್ಮನವರು ಅದನ್ನು ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ನನ್ನ ಅವ್ವ ಅಣ್ಣಮ್ಮನಿಗೆ ಕೊಟ್ಟರು ಅಂತ ಲೈನಿನವರೆಲ್ಲ ಹೇಳುತ್ತಾರೆ. ಕೊಟ್ಟದ್ದಲ್ಲ, ಬಿಸಾಡುವ ದಾರಿಯಲ್ಲಿ ಅವ್ವ ಸಿಕ್ಕಳು ಅಷ್ಟೆ. ಡಿಸ್ಕ್ ಇಡುವ ತಟ್ಟೆ ಹೊರಗೆ ಬರುತ್ತಿರಲಿಲ್ಲ. ಯಾರೋ ಒಳಗೆ ಬಿಟ್ಟಿದ್ದ, ಒಂದೇ ಹಾಡಿನ ಡಿಸ್ಕ್ ಅಲ್ಲೇ ಸಿಕ್ಕಿಕೊಂಡಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಯಾವಾಗಲೂ ಅದೇ ಹಾಡು. ಹೊಳೆಯ ಆಚೆ ಇರುವವನನ್ನು ಒಬ್ಬಳು ಕರೆಯುವ ಹಾಡು: ‘ಹೊಳೆಯ ದಾಟಿ ಬಾರೋ ದೊರೆಯೆ, ಹೊತ್ತು ಇಳಿಯೋ ಮುನ್ನ.’

ಅಪ್ಪ ಪಂಪಿಗೆ ಹೊರಟಾಗ ಅವ್ವ ಅದನ್ನು ಹಾಕುತ್ತಿದ್ದಳು. ಅವನು ಇಳಿಜಾರು ಇಳಿದು ಕೆರೆ ಮುಟ್ಟುವಷ್ಟರಲ್ಲಿ ಹಾಡು ಕೊನೆಯ ನುಡಿಗೆ ಬಂದಿರುತ್ತಿತ್ತು. ಆಗ ಸರಿಯಾಗಿ ಸಾಯುತ್ತಿತ್ತು. ಅವ್ವ ಅಕ್ಕಿ ಆರಿಸುತ್ತಲೋ ಸಾರು ಕುದಿಸುತ್ತಲೋ ಅದೇ ರಾಗದಲ್ಲಿ ಬಾಯಿಗೆ ಬಂದದ್ದನ್ನು ಸೇರಿಸಿ ಜೋರಾಗಿ ಮುಗಿಸುತ್ತಿದ್ದಳು. ‘ಬರೋ ಮುಂಚೆ ಎರಡು ಕೊಂಬೆ ಮುರ್ಕೊಂಡ್ ಬಾರೋ ದೊರೆಯೆ.’ ಒಂದು ದಿನ ಕೊಂಬೆ, ಇನ್ನೊಂದು ದಿನ ಕೆರೆ ಏರಿಯ ಕೆಸುವಿನೆಲೆ, ಮತ್ತೊಂದು ದಿನ ಜೀರಿಗೆ ಮೆಣಸು. ಪಕ್ಕದ ಮನೆಯವರು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ, ಕೊಯ್ಲಿನಲ್ಲಿ ಅವ್ವನಿಗೆ ಪುರುಸೊತ್ತು ಇರುತ್ತಿರಲಿಲ್ಲ. ಕೂತು ಕೇಳುವುದಕ್ಕೆ ಇದ್ದದ್ದು ಬೇಸಿಗೆಯ ಸಂಜೆ ಮಾತ್ರ, ಅದನ್ನೂ ಪಂಪು ಕುಡಿಯುತ್ತಿತ್ತು. ಆ ಹಾಡಿನ ಕೊನೆಯ ನುಡಿ ಏನೆಂದು ನೆಮ್ಮದಿಯಿಂದ ಕೇಳದೆಯೇ ಅವ್ವ ಹೋದಳು. ಹೋದ ಮಳೆಗಾಲದಲ್ಲಿ, ಜ್ವರ ಬಂದು.

ಈ ಬೇಸಿಗೆ ಸ್ಪ್ರಿಂಕ್ಲರ್ ಶುರುವಾಯಿತು. ಅಪ್ಪ ಹೊರಡುವಾಗ ತಾನೇ ಪ್ಲೇಯರ್ ಹಾಕಿ ಹೋಗತೊಡಗಿದ. ಕೊನೆಯ ನುಡಿಯಲ್ಲಿ ಅದು ಸತ್ತಿತು. ಮನೆ ಗವ್ವೆಂದಿತು. ಅಪ್ಪ ಕಂಕುಳಲ್ಲಿ ಎರಡು ಒಣ ಕೊಂಬೆ ಇಟ್ಟುಕೊಂಡು ಬಂದು ಹಿತ್ತಲಿಗೆ ಹಾಕಿದ. ಆಮೇಲಿನ ಸಂಜೆಗಳಲ್ಲೂ ಹಾಗೆಯೇ. ಒಲೆ ಹೊತ್ತಿಸಿ ತಿಂಗಳುಗಳಾಗಿತ್ತು, ನಾವು ಗ್ಯಾಸಿನಲ್ಲೇ ಬೇಯಿಸುತ್ತಿದ್ದೆವು. ನಾನು ಕೊಂಬೆಯ ಬಗ್ಗೆ ಯೋಚಿಸಲಿಲ್ಲ. ಆ ಗವ್ವೆನ್ನುವುದನ್ನು ಇನ್ನು ಕೇಳಲಾರೆ ಅನ್ನಿಸಿತು. ಈ ಮನೆಯಲ್ಲಿ ಒಂದು ಹಾಡಾದರೂ ಪೂರ್ತಿ ಆಗಬೇಕು ಅಂತ ಹಟ ಹುಟ್ಟಿತು.

ನನಗೆ ಬರುವ ಕೆಲಸವೇ ಅದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ಬಣಕಲ್ಲಿನಲ್ಲಿ ಓಂಕಾರಪ್ಪನವರ ಮೋಟರ್ ರೀವೈಂಡಿಂಗ್ ಅಂಗಡಿ ಸೇರಿದೆ. ಸುಟ್ಟ ಮೋಟರು ಬಿಚ್ಚುವುದು, ಹೊಸ ತಾಮ್ರದ ತಂತಿ ಸುತ್ತುವುದು. ಪ್ಲೇಯರನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ ಬಿಚ್ಚಿದೆ. ಒಳಗಿದ್ದ ಟ್ರಾನ್ಸ್‌ಫಾರ್ಮರ್ ಬೆಲ್ಲದ ಅಚ್ಚಿನಷ್ಟಿತ್ತು. ಡಿಸ್ಕ್ ತಿರುಗಿಸುವುದೂ ಅದೇ, ದನಿಗೆ ಕರೆಂಟು ಕೊಡುವುದೂ ಅದೇ. ಪಾಪ, ಒಂದು ಎತ್ತಿಗೆ ಎರಡು ನೊಗ. ಲೈನಿನಲ್ಲಿ ಕರೆಂಟು ಕುಗ್ಗಿದರೆ ಅದು ಏನು ತಾನೇ ಮಾಡೀತು? ಅದನ್ನು ಕಳಚಿಟ್ಟು ಎರಡು ದೊಡ್ಡವನ್ನು ಸುತ್ತಿದೆ. ಡಿಸ್ಕಿಗೆ ಒಂದು, ದನಿಗೆ ಒಂದು. ಪ್ಲೇಯರಿನ ಹೊಟ್ಟೆಯಲ್ಲಿ ಅವು ಹಿಡಿಯಲಿಲ್ಲ. ಹಳೆಯ ಸ್ಟೆಬಿಲೈಸರಿನ ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ, ಅಲ್ಲಿಂದ ವೈರು ಎಳೆದೆ.

ಓಂಕಾರಪ್ಪನವರು ಎಲೆ ಅಡಿಕೆ ಜಗಿಯುತ್ತಾ ನೋಡಿದರು. "ಏ ಧರ್ಮ, ಎಂಥದು ಇದು, ಮದುವೆ ಮನೆಗೆ ಕರೆಂಟ್ ಕೊಡ್ತೀಯಾ?"

"ಸಿ.ಡಿ. ಪ್ಲೇಯರಿಗೆ."

"ಮಗುಗಿಂತ ತೊಟ್ಲು ದೊಡ್ಡದಾಯ್ತಲ್ಲ ಮಾರಾಯ." ಪೆಟ್ಟಿಗೆಯ ಹಿಂದೆ ನಾನು ಹಾಕಿದ್ದ ಸ್ವಿಚ್ಚನ್ನು ಮುಟ್ಟಿದರು. "ಇದು?"

"ಈ ಕಡೆ ಇದ್ರೆ ಪಂಪಿನ ಓಲ್ಟೇಜು. ಎಷ್ಟು ಕಮ್ಮಿ ಬಂದ್ರೂ ಎತ್ಕೊಡುತ್ತೆ. ಹೂಮಳೆ ಬಿದ್ದ ದಿನ ಆ ಕಡೆ ತಿರುಗ್ಸಿದ್ರೆ ಆಯ್ತು."

"ತಿರುಗ್ಸೋರು ಯಾರು?"

"ನಾನಿದೀನಲ್ಲ."

"ಮಳೆ ನಿನ್ನ ಕೇಳ್ಕೊಂಡು ಬರುತ್ತಾ?"

ಅವರು ಕೇಳಿದ್ದು ಸರಿಯೇ. ನಮ್ಮ ಕಡೆ ಎಲ್ಲರೂ ಹೀಗೆಯೇ ಬದುಕುವುದು. ಬೇಸಿಗೆಯಲ್ಲಿ ಸ್ಟೆಬಿಲೈಸರನ್ನು ಏರಿಸಿಟ್ಟಿರುತ್ತೇವೆ. ಕಾಫಿ ಹೂ ಅರಳಿಸುವ ಹೂಮಳೆಯ ಮೊದಲ ಹನಿ ಬಿದ್ದೊಡನೆ ಸುತ್ತಲಿನ ಎಸ್ಟೇಟುಗಳೆಲ್ಲ ಒಟ್ಟಿಗೇ ಪಂಪು ನಿಲ್ಲಿಸುತ್ತವೆ, ಕರೆಂಟು ಬಾವಿಯಿಂದ ಹಾರಿ ಬಂದ ಹಾಗೆ ಮೇಲೇಳುತ್ತದೆ. ಆಗ ಲೈನಿನ ಹೆಂಗಸರು ಅಂಗಳದ ಬಟ್ಟೆ ತೆಗೆಯುವುದಕ್ಕಿಂತ ಮೊದಲು, ಟಿ.ವಿ. ಸುಡಬಾರದೆಂದು ಆರಿಸಲು ಒಳಗೆ ಓಡುತ್ತಾರೆ. ಓಡಲು ಮನೆಯಲ್ಲಿ ಒಬ್ಬರು ಇರಬೇಕು. ನಮ್ಮ ಮನೆಯಲ್ಲಿ ಯಾರೂ ಇಲ್ಲ ಎನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೊದಲ ಸಂಜೆ ನಾನು ಮನೆಯಲ್ಲೇ ಕೂತೆ. ಅಪ್ಪ ಪ್ಲೇಯರ್ ಹಾಕಿ ಹೋದ. ಬಲ್ಬು ಅರಿಶಿನವಾಯಿತು. ಹಾಡು ನಿಲ್ಲಲಿಲ್ಲ. ದನಿ ಮೊದಲಿಗಿಂತ ತುಂಬಿಕೊಂಡಿತ್ತು. ಸಾಲು ಎತ್ತುವ ಮುಂಚೆ ಅವಳು ಉಸಿರು ಎಳೆದುಕೊಳ್ಳುವುದು ಕೂಡ ಕೇಳಿಸಿತು. ಹಿಂದೆ ಎಲ್ಲೋ ಒಂದು ಕೊಳಲಿತ್ತು, ಅದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಕೊನೆಯ ನುಡಿ ಬಂತು. ಹೊಳೆಯ ಆಚೆಯವನು ಬರುವುದಿಲ್ಲ, ಅವಳು ದೀಪ ಆರಿಸಿ ಒಳಗೆ ಹೋಗುತ್ತಾಳೆ. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. ಇಷ್ಟೇನಾ ಅನ್ನಿಸಿತು. ಆದರೂ ಎದೆ ಉಬ್ಬಿತು. ಅವ್ವ ಇರಬೇಕಿತ್ತು.

ಅಪ್ಪ ಬಂದು ಬಾಗಿಲಲ್ಲೇ ನಿಂತ. ಕೈಯಲ್ಲಿ ಏನೂ ಇರಲಿಲ್ಲ.

"ನಿಲ್ಲಲಿಲ್ಲ," ಅಂದ.

"ಇನ್ನು ನಿಲ್ಲಲ್ಲ."

"ಹೂಂ."

ಕಾಲು ತೊಳೆದುಕೊಂಡು ಒಳಗೆ ಹೋದ. ಬಂಗಲೆಯ ಮೋಟರಿಗೆ ನಾನು ಗ್ರೀಸು ಹಚ್ಚಿಕೊಟ್ಟರೂ ‘ನನ್ನ ಮಗ ಮಾಡಿದ್ದು’ ಅಂತ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹತ್ತಿರ ಹೇಳಿಕೊಳ್ಳುವವನು, ಇದಕ್ಕೆ ಒಂದು ಹೂಂ.

ಆಮೇಲಿನ ದಿನಗಳಲ್ಲಿ ಅವನು ಬರುವುದು ತಡವಾಗತೊಡಗಿತು. ಕೆರೆ ಏರಿಯ ಮೇಲೆ ಸುಮ್ಮನೆ ಕೂತಿರುತ್ತಾನೆ ಅಂತ ಪಕ್ಕದ ಮನೆಯ ಪವಿತ್ರಾ ಹೇಳಿದಳು. ಹಿತ್ತಲಿಗೆ ಹೊಸ ಕೊಂಬೆ ಬೀಳಲಿಲ್ಲ. ಒಂದು ದಿನ ಊಟದ ನಡುವೆ ಕೇಳಿದ, "ಒಳಗಿತ್ತಲ್ಲ ಸಣ್ಣದು, ಅದನ್ನ ಬಿಸಾಕಿದ್ಯಾ?"

"ಯಾಕೆ?"

"ಸುಮ್ನೆ ಕೇಳ್ದೆ."

"ಅದು ಗುಜರಿಗೆ ಲಾಯಕ್ಕು."

"ಇರ್ಲಿ ಬಿಡು. ಎಲ್ಲಾದ್ರೂ ಇಟ್ಟಿರು."

ತಟ್ಟೆ ತಳ್ಳಿ ಎದ್ದೆ. ಓದಿದ ಮಗನೊಬ್ಬ ಪೇಟೆಯಿಂದ ಹೊಸ ಪ್ಲೇಯರನ್ನು ಡಬ್ಬಿಯಲ್ಲಿ ತಂದುಕೊಟ್ಟಿದ್ದರೆ ಇವನು ಲೈನೆಲ್ಲ ಸುತ್ತಿ ತೋರಿಸುತ್ತಿದ್ದ ಅನ್ನಿಸಿತು.

ಹೂಮಳೆ ಬಂದದ್ದು ನಾನು ಅಂಗಡಿಯಲ್ಲಿದ್ದಾಗ. ಚಾರ್ಮಾಡಿ ಕಡೆಯಿಂದ ಕಪ್ಪಾಗಿ ಎದ್ದು ಬಂತು. ಮಣ್ಣಿನ ವಾಸನೆ ಮೂಗಿಗೆ ಬಡಿದೊಡನೆ ಕೈಯಲ್ಲಿದ್ದ ಸುತ್ತಿಗೆ ಅಲ್ಲೇ ಬಿಟ್ಟು ಬೈಕ್ ಹತ್ತಿದೆ. ಓಂಕಾರಪ್ಪನವರು ಹಿಂದಿನಿಂದ ಏನೋ ಕೂಗಿದರು. ದಾರಿಯುದ್ದಕ್ಕೂ ಒಂದೊಂದೇ ಎಸ್ಟೇಟಿನ ಸ್ಪ್ರಿಂಕ್ಲರ್ ಸದ್ದು ಅಡಗುತ್ತಾ ಬಂತು. ನಾನು ಲೈನಿನ ತಿರುವಿಗೆ ಬರುವಷ್ಟರಲ್ಲಿ ನಮ್ಮ ಕೆರೆಯ ಪಂಪೂ ನಿಂತಿತ್ತು. ಮನೆಯ ಬಲ್ಬು ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು. ಒಳಗೆಲ್ಲ ಸುಟ್ಟ ವಾರ್ನಿಷಿನ ವಾಸನೆ. ತಗಡಿನ ಪೆಟ್ಟಿಗೆ ಮುಟ್ಟಿದರೆ ಕೈ ಚುರ್ ಅಂದಿತು. ಪ್ಲೇಯರಿನೊಳಗಿನ ಫ್ಯೂಸು ಹೋಗಿ ಪ್ಲೇಯರು ಬದುಕಿಕೊಂಡಿತ್ತು. ನಾನು ಸುತ್ತಿದ್ದ ಎರಡೂ ಕಪ್ಪಗಾಗಿದ್ದವು.

ಅಪ್ಪ ನೆನೆದುಕೊಂಡು ಬಂದು ಮೂಲೆಯಲ್ಲಿ ನಿಂತ.

"ಪ್ಲೇಯರ್ ಹಾಕಿಟ್ಟು ಯಾಕೆ ಹೋಗಿದ್ದೆ?" ಅಂದೆ. "ಖಾಲಿ ಮನೇಲಿ ಹಾಡು ಯಾರಿಗೆ, ಗೋಡೆಗಾ?"

ಅವನು ಟವೆಲಿನಲ್ಲಿ ತಲೆ ಒರೆಸಿಕೊಂಡ.

"ಅವರ ಪಂಪು ನಿಲ್ಸೋಕೆ ಓಡ್ದೆ ನೀನು. ನಿನ್ನ ಮಗ ಸುತ್ತಿದ್ದು ಸುಟ್ರೆ ಸುಟ್ಟೋಗ್ಲಿ ಅಲ್ವಾ."

"ಮಳೆ ಬಂದ್ರೆ ಪಂಪು ನಿಲ್ಸದೆ ಏನ್ ಮಾಡ್ಲಿ. ಕೂಗ್ಬೇಡ ಮಗ."

"ಕೂಗ್ತೀನಿ. ಅವ್ವ ಸಾಯೋ ತನಕ ಒಂದು ಹಾಡು ಪೂರ್ತಿ ಕೇಳಲಿಲ್ಲ ಈ ಮನೇಲಿ. ಅದಕ್ಕೆ ಮಾಡಿದ್ದು ನಾನು. ನಿಂಗೆ ಒಂದಿನಾನೂ ಹಿಡಿಸ್ಲಿಲ್ಲ ಅದು."

"ಅವಳಿಗೆಲ್ಲಿ ಬೇಕಿತ್ತು ಪೂರ್ತಿ ಹಾಡು," ಅಂದ ಅಪ್ಪ.

ಆಮೇಲೆ ನನ್ನ ಮುಖ ನೋಡದೆ, ಟವೆಲು ಹಿಂಡುತ್ತಾ ಹೇಳಿದ. "ಸ್ಟಾರ್ಟರ್ ಒತ್ತೋ ಮುಂಚೆ ಕೆಳಗೆ ಸಣ್ಣಕೆ ಕೇಳೋದು ಹಾಡು. ಒತ್ತಿದ್ರೆ ನಿಲ್ತಿತ್ತು. ನಿಂತ್ರೆ ಅವಳಿಗೆ ಗೊತ್ತು, ಇವನು ಹೊರಟ ಅಂತ. ನಾನು ಹಲಸಿನ ಮರ ದಾಟೋದ್ರೊಳಗೆ ಕೂಗೋಳು, ಕೊಂಬೆ ತಾ, ಸೊಪ್ಪು ತಾ ಅಂತ. ಅಲ್ಲಿಂದ ವಾಪಸ್ ಹೋಗಿ ತಂದಿದ್ದೂ ಇದೆ."

ಮಳೆ ಹಂಚಿನ ಮೇಲೆ ಜೋರಾಯಿತು. ಅವನು ಟವೆಲನ್ನು ಹಗ್ಗದ ಮೇಲೆ ಹರವಿದ.

"ಅವಳು ಹೋದ್ಮೇಲೂ ಹಾಡು ನಿಲ್ತಿತ್ತಲ್ಲ. ನಿಂತ್ರೆ, ಮೇಲೆ ಯಾರಿಗೋ ಗೊತ್ತಾಯ್ತು ಅನ್ಸೋದು. ಈಗ ನಾನು ಹೊರಟ್ರೂ ಅದು ಹಾಡುತ್ತೆ. ಬಂದ್ರೂ ಹಾಡುತ್ತೆ, ಬರದಿದ್ರೂ ಹಾಡುತ್ತೆ."

ನನಗೆ ಇನ್ನಷ್ಟು ಸಿಟ್ಟು ಬಂತು. ಸುಟ್ಟ ಪೆಟ್ಟಿಗೆಯನ್ನು ಎತ್ತಿಕೊಂಡು ಮಳೆಯಲ್ಲೇ ಹೊರಗೆ ಹೋಗಿ ಹಿತ್ತಲಿಗೆ ಎಸೆದೆ. ಅದು ಹಳೆಯ ಕೊಂಬೆಗಳ ಮೇಲೆ ಬಿತ್ತು. ಆ ಕೊಂಬೆಗಳನ್ನು ಅವತ್ತು ಸರಿಯಾಗಿ ನೋಡಿದೆ. ಒಂದೂ ಹಸಿಯದಲ್ಲ. ಎಲ್ಲ ಒಂದೇ ಅಳತೆಗೆ, ಅವ್ವನ ಒಲೆಯ ಬಾಯಿಗೆ ಸರಿಯಾಗಿ ಮುರಿದವು.

ಎಸ್ಟೇಟೆಲ್ಲ ಹೂವಾಗಿ ಬೆಳ್ಳಗಾಯಿತು, ಹೂವು ಬಾಡಿ ಕಂದಾಯಿತು. ಮತ್ತೆ ಮಳೆ ಬರಲಿಲ್ಲ. ಹೂವು ಕಾಯಿ ಕಟ್ಟಲು ಬೇಕಾದ ಎರಡನೇ ಮಳೆ, ಬ್ಯಾಕಿಂಗ್ ಮಳೆ, ಕೈಕೊಟ್ಟರೆ ಮತ್ತೆ ಸ್ಪ್ರಿಂಕ್ಲರೇ ಗತಿ. ಪೈಪುಗಳನ್ನು ಪುನಃ ಜೋಡಿಸತೊಡಗಿದರು.

"ತಂತಿ ಉಳಿದಿದೆ, ಸುತ್ತು ಮತ್ತೆ," ಅಂದರು ಓಂಕಾರಪ್ಪನವರು. "ಈ ಸಲ ತಾನಾಗೇ ಕಟ್ ಆಗೋ ಹಾಗೆ ರಿಲೇ ಹಾಕಿಕೊಡ್ತೀನಿ."

"ಬೇಡ ಓಂಕಾರಣ್ಣ."

"ಸಿಟ್ಟು ಇಳೀತಾ?"

"ಇಲ್ಲ."

ಮೊಳೆಗಳ ಡಬ್ಬಿಯ ತಳದಿಂದ ಬೆಲ್ಲದಚ್ಚಿನಂಥ ಆ ಹಳೆಯದನ್ನು ಹುಡುಕಿ, ಧೂಳು ಊದಿ, ಅದು ಇದ್ದ ಜಾಗದಲ್ಲೇ ಬೆಸುಗೆ ಹಾಕಿ, ಹೊಸ ಫ್ಯೂಸು ಕೂರಿಸಿದೆ.

ಪಂಪು ಮತ್ತೆ ಶುರುವಾಗುವ ಸಂಜೆ ಬೇಗ ಮನೆಗೆ ಬಂದೆ. ಅಪ್ಪ ಹೊರಡುವಾಗ ಪ್ಲೇಯರಿನ ಪಕ್ಕದ ಖಾಲಿ ಜಾಗವನ್ನು ನೋಡಿದ, ನನ್ನನ್ನು ನೋಡಿದ. ಹಾಡು ಹಾಕಿ ಇಳಿಜಾರು ಇಳಿದು ಹೋದ.

ನಾನು ಹೊಸ್ತಿಲ ಮೇಲೆ ಕೂತೆ. ದನಿ ಮತ್ತೆ ತೆಳ್ಳಗಾಗಿತ್ತು. ಕೊಳಲು ಇರಲಿಲ್ಲ, ಉಸಿರು ಇರಲಿಲ್ಲ. ಪಕ್ಕದಲ್ಲಿ ಪವಿತ್ರಾ ಕೊಡ ತೊಳೆಯುತ್ತಿದ್ದಳು. ಮೇಲೆ ಬಂಗಲೆಯ ಅಂಗಳದಲ್ಲಿ ಹೋಮ್‌ಸ್ಟೇಗೆ ಬಂದವರು ಬೆಂಕಿ ಹಾಕಿಕೊಂಡು ನಗುತ್ತಿದ್ದರು, ಅವರ ದೀಪಗಳು ಒಂದಿಷ್ಟೂ ಅಲುಗಲಿಲ್ಲ. ನಮ್ಮ ಬಲ್ಬು ಅರಿಶಿನವಾಯಿತು. ಕೊನೆಯ ನುಡಿಯ ‘ಹೊಳೆಯ ದಾಟಿ ಬಾ’ ಅನ್ನುವಲ್ಲಿ ಹಾಡು ಸತ್ತಿತು.

ಮನೆ ಗವ್ವೆಂದಿತು. ಆ ಗವ್ವೆನ್ನುವುದರಲ್ಲಿ ಒಂದು ಜಾಗ ಇತ್ತು, ಅಲ್ಲಿ ಅವ್ವ ಇರಬೇಕಿತ್ತು. ಹುಟ್ಟಿದ ಮೇಲೆ ನಾನು ಯಾರ ಎದುರಿಗೂ ಹಾಡಿದವನಲ್ಲ. ಅಪ್ಪ ಈಗ ಶೆಡ್ಡಿನ ಬಾಗಿಲು ಹಾಕಿರುತ್ತಾನೆ, ಈಗ ಏರಿ ಹತ್ತಿರುತ್ತಾನೆ, ಈಗ ಹಲಸಿನ ಮರ.

"ಬರೋ ಮುಂಚೆ ಎರಡು ಕೊಂಬೆ ಮುರ್ಕೊಂಡ್ ಬಾರೋ ದೊರೆಯೆ," ಅಂದೆ.

ರಾಗ ಅರ್ಧದಲ್ಲೇ ಒಡೆಯಿತು. ಹಾಡಿಗಿಂತ ಬೈಗುಳದ ಹಾಗೆ ಕೇಳಿಸಿತು. ಪವಿತ್ರಾಳ ಕೊಡ ತೊಳೆಯುವ ಕೈ ನಿಂತಿತು. ಅವಳು ನಗಲಿಲ್ಲ.

ಕೆಳಗೆ ದಾರಿಯಲ್ಲಿ ತರಗೆಲೆಯ ಮೇಲೆ ಬರುತ್ತಿದ್ದ ಹೆಜ್ಜೆ ಕೂಡ ನಿಂತಿತು. ತುಂಬ ಹೊತ್ತು ಏನೂ ಕೇಳಲಿಲ್ಲ, ಪಂಪಿನ ಗುಂಯ್‌ಗುಡುವಿಕೆ ಬಿಟ್ಟರೆ. ನಾನು ಎರಡನೇ ಸಲ ಹೇಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಕೂತಿದ್ದೆ.

ಆಮೇಲೆ ಹಲಸಿನ ಮರದ ಹತ್ತಿರ ಒಣ ಕೊಂಬೆಯೊಂದು ಲಟಕ್ಕನೆ ಮುರಿದ ಸದ್ದಾಯಿತು.