ತಣ್ಣಗಿದ್ದ ಬಾಗಿಲು

ಅಕ್ಕ ನಡೆಸುವ ಕೋಳಿಮರಿ ಕೇಂದ್ರದಲ್ಲಿ ಬೀರುವಿನಷ್ಟು ಎತ್ತರದ ಎರಡು ಯಂತ್ರಗಳಿವೆ. ಮೊಟ್ಟೆ ಪೆಟ್ಟಿಗೆಯಲ್ಲಿ ಮೊಟ್ಟೆಗಳು ಕಾವು ಪಡೆಯುತ್ತವೆ; ಒಡೆಯುವ ಹೊತ್ತು ಹತ್ತಿರವಾದಾಗ ಅವನ್ನು ಮರಿ ಪೆಟ್ಟಿಗೆಗೆ ಸಾಗಿಸುತ್ತಾರೆ. ಮರಿಗಳು ಹೊರಬಂದ ಮೇಲೆ ಆ ಪೆಟ್ಟಿಗೆಯನ್ನು ತೊಳೆದು, ಖಾಲಿಯಾಗಿಯೇ ಅರವತ್ತು ಡಿಗ್ರಿಗೆ ಕಾಯಿಸಿ ಕ್ರಿಮಿ ಸಾಯಿಸುವುದು ಅಲ್ಲಿನ ಪದ್ಧತಿ. ಎರಡಕ್ಕೂ ಅಪ್ಪಣೆ ಹೋಗುವುದು ಮೂಲೆಯಲ್ಲಿರುವ ಹಳೆಯ ಲಿನಕ್ಸ್ ಕಂಪ್ಯೂಟರಿನಿಂದ. ಬಾವ ಅದನ್ನು ತಾತ ಎನ್ನುತ್ತಾರೆ, ಏಳುವಾಗ ಗೊಣಗುತ್ತದೆ ಎಂದು.

ಆಗ ಮೊಟ್ಟೆ ಪೆಟ್ಟಿಗೆಯಲ್ಲಿದ್ದವು ಮಾಮೂಲಿ ಮೊಟ್ಟೆಗಳಲ್ಲ. ಅಕ್ಕ ಮದುವೆಗೆ ಮುಂಚಿನಿಂದಲೂ ಆರಿಸಿ ಆರಿಸಿ ಬೆಳೆಸಿಕೊಂಡು ಬಂದ ಬೂದು ಕೋಳಿಗಳ ತಳಿ ಅದು. ಬೇಲಿ ಮುರಿದು ನುಗ್ಗಿದ ನಾಯಿಗಳು ಹಿಂದಿನ ವಾರ ಒಂದು ಕೋಳಿಯನ್ನೂ ಉಳಿಸಿರಲಿಲ್ಲ. ಆ ತಳಿಯದೆಂದು ಉಳಿದದ್ದು ಪೆಟ್ಟಿಗೆಯೊಳಗಿನ ಮೊಟ್ಟೆಗಳಷ್ಟೇ. ಅಕ್ಕ ಅತ್ತಿರಲಿಲ್ಲ. ಕೆಲಸದ ಮಧ್ಯೆ ಬಂದು ಗಾಜಿನ ಕಿಂಡಿಯಲ್ಲಿ ಇಣುಕಿ ಹೋಗುತ್ತಿದ್ದಳು, ಅಷ್ಟೇ.

ಮಧ್ಯಾಹ್ನ ಕರೆಂಟು ಹೋಗಿ ಬಂತು. ಪೆಟ್ಟಿಗೆಗಳು ಬ್ಯಾಟರಿಯ ಮೇಲೆ ನಡೆದವು. ತಾತ ಮಾತ್ರ ಮಲಗಿ ಎದ್ದ. ಬೆಳಿಗ್ಗೆ ಬೇರೆ ತಳಿಯ ಮರಿಗಳನ್ನು ತೆಗೆದಾಗಿತ್ತು, ತೊಳೆದಿಟ್ಟ ಮರಿ ಪೆಟ್ಟಿಗೆಯನ್ನು ಕಾಯಿಸಬೇಕಿತ್ತು. ಬಾವ ಅಪ್ಪಣೆ ಬರೆಯುವ ಟರ್ಮಿನಲ್ ತೆರೆದರೆ ಒಂದೇ ಉತ್ತರ: ಸಾಧನಕ್ಕೆ ಬೀಗ ಬಿದ್ದಿದೆ. ನಮ್ಮಲ್ಲಿ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವಳು ನಾನೊಬ್ಬಳೇ.

"ಬನ್ನಿ ಡಾಕ್ಟ್ರಮ್ಮ," ಎಂದು ಬಾವ ಕುರ್ಚಿ ಬಿಟ್ಟುಕೊಟ್ಟರು. "ತಾತನಿಗೆ ಬಾಯಿ ಕಟ್ಟಿದೆ."

ಬೀಗದ ಕಾರಣ ಬೇಗ ಸಿಕ್ಕಿತು. ಕರೆಂಟು ಹೋದಾಗ ಅರ್ಧದಲ್ಲೇ ಸತ್ತ ಪ್ರೋಗ್ರಾಂ ತನ್ನ ಲಾಕ್ ಫೈಲನ್ನು ಬಿಟ್ಟು ಹೋಗಿತ್ತು. ಅದನ್ನು ಅಳಿಸಿದೆ. ಈಗ ಬೇರೆ ರಾಗ: ಸಾಧನ ಉತ್ತರಿಸುತ್ತಿಲ್ಲ. ಪರದೆಯ ಅಂಚಿಗೆ ಬಾವ ಅಂಟಿಸಿದ್ದ ಚೀಟಿ ನೋಡಿದೆ. ಎರಡು ಕೇಬಲ್ಲುಗಳಿಗೆ ಕಂಪ್ಯೂಟರಿನಲ್ಲಿರುವ ಹೆಸರುಗಳು ಅದರಲ್ಲಿದ್ದವು. ಟಿಟಿವೈ ಯುಎಸ್‌ಬಿ ಸೊನ್ನೆ ಎಂದರೆ ಮರಿ ಪೆಟ್ಟಿಗೆ, ಒಂದು ಎಂದರೆ ಮೊಟ್ಟೆ ಪೆಟ್ಟಿಗೆ. ನಾನು ಬರೆದ ಹೆಸರು ಸರಿಯಾಗಿಯೇ ಇತ್ತು. ಕೇಬಲ್ ಸಡಿಲವಿರಬಹುದೆಂದು ಎರಡನ್ನೂ ಕಿತ್ತು, ಧೂಳು ಊದಿ, ಮತ್ತೆ ಸಿಕ್ಕಿಸಿದೆ. ಅದಲುಬದಲಾಗದಿರಲೆಂದು ಅಕ್ಕ ಮೊಟ್ಟೆ ಪೆಟ್ಟಿಗೆಯ ಕೇಬಲ್ಲಿಗೆ ಕೆಂಪು ದಾರ, ಮರಿ ಪೆಟ್ಟಿಗೆಯದಕ್ಕೆ ಬಿಳಿ ದಾರ ಕಟ್ಟಿ, ಸಿಕ್ಕಿಸುವ ಜಾಗದ ಪಕ್ಕಕ್ಕೂ ಅದೇ ಬಣ್ಣ ಬಳಿದಿದ್ದಳು. ಮೊದಲು ಕೆಂಪನ್ನು ಕೆಂಪಿಗೆ, ಆಮೇಲೆ ಬಿಳಿಯನ್ನು ಬಿಳಿಗೆ ಸೇರಿಸಿದೆ. ನನ್ನ ಅಭ್ಯಾಸದಂತೆ ಇನ್ನೊಮ್ಮೆ ನೋಡಿಕೊಂಡೆ.

ಸೊನ್ನೆ ತೆರೆದುಕೊಂಡಿತು. ಶಾಖ ಮೂವತ್ತೇಳೂವರೆ ಎಂದು ತೋರಿಸಿತು. ಬೆಳಿಗ್ಗೆ ತಾನೆ ಮರಿಗಳಿದ್ದವಲ್ಲ, ಇನ್ನೂ ಆರಿಲ್ಲ ಎಂದುಕೊಂಡೆ. ಅರವತ್ತು ಎಂದು ಬರೆದು ಕಳಿಸಿದೆ. ಅಂಕಿ ಮೆಲ್ಲಗೆ ಏರತೊಡಗಿತು. ಬಾವ ತಾತನ ತಲೆ ಸವರಿ, ವಿದ್ಯೆ ಅಂದರೆ ಇದು ಎಂದು ಹೊಗಳಿ, ಟೀ ತರಲು ಹೋದರು. ಹೋಗುವಾಗ, ಪೆಟ್ಟಿಗೆ ಮುಟ್ಟಿ ನೋಡುವ ನನ್ನ ಚಾಳಿಯನ್ನು ಎಂದಿನಂತೆ ಆಡಿಕೊಂಡರು. ಒಲೆ ಹಚ್ಚಿದ ಮೇಲೂ ಬೆಂಕಿ ಇದೆಯಾ ಅಂತ ಬೆರಳಿಟ್ಟು ನೋಡುವವಳು ನಾನಂತೆ.

ಅಂಕಿ ಏರುತ್ತಲೇ ಇತ್ತು. ನಾನು ಎದ್ದು ಮರಿ ಪೆಟ್ಟಿಗೆಯ ಬಾಗಿಲಿಗೆ ಅಂಗೈ ಇಟ್ಟೆ.

ತಣ್ಣಗಿತ್ತು. ತೊಳೆದ ನೀರಿನ ಹನಿ ಇನ್ನೂ ಕಿಂಡಿಯ ಗಾಜಿನ ಮೇಲಿತ್ತು.

ತಿರುಗಿ ಕೇಬಲ್ಲುಗಳನ್ನು ನೋಡಿದೆ. ಕೆಂಪು ಕೆಂಪಿಗೇ ಇತ್ತು, ಬಿಳಿ ಬಿಳಿಗೇ ಇತ್ತು. ಆದರೆ ತಾತನಿಗೆ ಬಣ್ಣವೂ ಬೇಕಿಲ್ಲ, ಜಾಗವೂ ಬೇಕಿಲ್ಲ. ಮೊದಲು ಬಂದವರಿಗೆ ಸೊನ್ನೆ ಎಂಬ ಹೆಸರು, ಆಮೇಲೆ ಬಂದವರಿಗೆ ಒಂದು. ನಾನು ಮೊದಲು ಸಿಕ್ಕಿಸಿದ್ದು ಕೆಂಪು ದಾರದ ಕೇಬಲ್ಲನ್ನು, ಮೊಟ್ಟೆ ಪೆಟ್ಟಿಗೆಯದನ್ನು.

ಮೊಟ್ಟೆ ಪೆಟ್ಟಿಗೆಯ ಬಾಗಿಲಿಗೆ ಕೈ ಇಟ್ಟರೆ ಬೆಚ್ಚಗಲ್ಲ, ಬಿಸಿ. ನಾವೇ ಹೇಳಿದ ಶಾಖಕ್ಕೆ ಏರುತ್ತಿದ್ದುದರಿಂದ ಶಾಖ ತಪ್ಪಿದರೆ ಎಚ್ಚರಿಸುವ ಅದರ ಗಂಟೆಯೂ ಬಾರಿಸಿರಲಿಲ್ಲ. ಕಂಪ್ಯೂಟರಿಗೆ ಓಡಲು ಧೈರ್ಯ ಬರಲಿಲ್ಲ, ಯಾವ ಹೆಸರನ್ನು ನಂಬಲಿ? ಗೋಡೆಯ ದೊಡ್ಡ ಸ್ವಿಚ್ಚು ಎಳೆದು, ಬ್ಯಾಟರಿಯ ತಂತಿ ಕಿತ್ತು, ಬಾಗಿಲು ತೆರೆದೆ. ಮುಖಕ್ಕೆ ರಾಚಿದ ಗಾಳಿಗೆ ಕಣ್ಣು ಮುಚ್ಚಿತು.

ಸದ್ದಿಗೆ ಅಕ್ಕ ಬಂದಳು. ಹೇಗೆ ಹೇಳಿದೆನೋ ತಿಳಿಯದು, ಹೇಳಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಮೇಲಿನ ತಟ್ಟೆಯಿಂದ ಒಂದು ಮೊಟ್ಟೆ ತೆಗೆದು ಕಣ್ಣಿನ ರೆಪ್ಪೆಗೆ ಒತ್ತಿಕೊಂಡು ನಿಂತಳು. ಕಾವು ಹೆಚ್ಚೋ ಕಡಿಮೆಯೋ ಎಂದು ಅವಳು ನೋಡುವುದು ಹಾಗೆ. ಬಾವ ಟೀ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು.

"ಗಾಳಿ ಕಾದಷ್ಟು ಮೊಟ್ಟೆ ಕಾದಿಲ್ಲ ಅನ್ಸುತ್ತೆ," ಎಂದಳು ಅಕ್ಕ. "ಟಾರ್ಚ್ ಹಿಡಿ, ಒಳಗೆ ಜೀವ ಇದ್ಯಾ ನೋಡೋಣ."

ಬಾವ ಕಿಟಕಿ ಮುಚ್ಚಿದರು. ಕತ್ತಲಲ್ಲಿ ನಾನು ಟಾರ್ಚಿನ ಬಾಯಿಗೆ ಅಕ್ಕ ಕೊಟ್ಟ ಮೊಟ್ಟೆಯ ದಪ್ಪ ತುದಿಯನ್ನು ಒತ್ತಿ ಹಿಡಿದೆ. ಚಿಪ್ಪು ಕೆಂಪಗೆ ಬೆಳಗಿತು. ಎಳೆ ಎಳೆ ನರಗಳು, ನಡುವೆ ಹೆಬ್ಬೆರಳಿನಷ್ಟು ಕಪ್ಪು. ಅದು ಮಿಸುಕಿತು.

"ಅಕ್ಕ, ಅಲ್ಲಾಡ್ತಿದೆ."

"ಅಲ್ಲಾಡ್ತಿರೋದು ನಿನ್ನ ಕೈ ಕಣೇ."

ಅಕ್ಕ ಟಾರ್ಚನ್ನೂ ಮೊಟ್ಟೆಯನ್ನೂ ತೆಗೆದುಕೊಂಡು, ಮೊಣಕೈಗಳನ್ನು ಮೇಜಿನ ಮೇಲೆ ಊರಿದಳು. ಬೆಳಕು ಅಲುಗದೆ ನಿಂತಿತು. ಒಳಗಿನ ಕಪ್ಪೂ ಅಲುಗಲಿಲ್ಲ. ಮೂವರೂ ಬಗ್ಗಿ ನೋಡಿದೆವು. ಅಕ್ಕ ಆ ಮೊಟ್ಟೆಯನ್ನು ಪಕ್ಕಕ್ಕಿಟ್ಟು ಕೆಳಗಿನ ತಟ್ಟೆಯಿಂದ ಇನ್ನೊಂದನ್ನು ತೆಗೆದಳು.

ಆ ಇನ್ನೊಂದರೊಳಗೆ, ಅಲುಗದ ಬೆಳಕಿನಲ್ಲಿ, ಕಡ್ಡಿಯಂಥ ಕಾಲೊಂದು ಚಿಪ್ಪನ್ನು ಒದೆಯಿತು.

ಅಕ್ಕ ಟಾರ್ಚ್ ಆರಿಸಲಿಲ್ಲ. ಅವಳು ಅಳತೊಡಗಿದ್ದಳು, ಆದರೂ ಬೆಳಕು ಅಲುಗಲಿಲ್ಲ. "ಮುಂದಿನ್ದು ಕೊಡು," ಎಂದಳು.