ಗೋಡೆಗೆ ತಿರುಗದ ಮುಖ

ಪೆನ್‌ಝಾನ್ಸ್ ಪೇಟೆಯ ಚಿತ್ರಮಂದಿರದ ಮುಂದೆ ಪೋರ್ತ್‌ಸ್ಕಾ ಊರಿನ ಎರಡು ಬಸ್ಸುಗಳು ನಿಂತಾಗ, ಡಿಗರಿ ಆಂಗ್ವಿನ್ ಎಲ್ಲರಿಗಿಂತ ಕೊನೆಗೆ ಇಳಿದ. ಮೇ ತಿಂಗಳ ಶನಿವಾರ, ಮಧ್ಯಾಹ್ನದ ಆಟ. ಗೋಡೆಯ ಮೇಲಿನ ಬಣ್ಣದ ಚಿತ್ರದಲ್ಲಿ ನಾಯಕ ಕತ್ತಿ ಹಿರಿದು ನಿಂತಿದ್ದ. ಅವನ ತೋಳಿನಡಿಯಲ್ಲಿ, ಹೆಬ್ಬೆರಳಿನಷ್ಟು ಗಾತ್ರದಲ್ಲಿ, ಆ ಸಿನಿಮಾ ತೆಗೆದಿದ್ದ ತಮ್ಮೂರಿನ ಬಂದರು. ಹೆಂಗಸರು ಅದರೊಳಗೆ ತಮ್ಮ ತಮ್ಮ ಮನೆಯ ಹೊಗೆಗೂಡನ್ನು ಹುಡುಕುತ್ತಿದ್ದರು.

"ಏನ್ ಡಿಗರಿ ಮಾಮ, ಬಸ್ಸಲ್ಲೇ ಕೂತು ಸಿನಿಮಾ ನೋಡ್ತೀಯಾ?" ಮೀನು ಮಾರುವ ಜ್ಯಾಗೊ ಕೂಗಿದ. "ಇದ್ರಲ್ಲಿ ನೀನ್ ಕಟ್ಟಿದ ಪೀಪಾಯಿಗಳೇ ಹೀರೋಗಳಂತೆ. ನಾವೆಲ್ಲ ಬರೀ ಹೊರೋ ಕತ್ತೆಗಳು."

"ನಿಂಗೆ ಅದಕ್ಕೆ ವೇಷಾನೂ ಬೇಕಾಗ್ಲಿಲ್ವಂತಲ್ಲೋ" ಎಂದಳು ರೊಟ್ಟಿ ಅಂಗಡಿಯ ಲವ್‌ಡೇ ಅತ್ತೆ.

ಎಲ್ಲರೂ ನಕ್ಕರು. ನಗದಿದ್ದರೆ ಯಾರಾದರೂ ಏಕೆಂದು ಕೇಳಿಯಾರೆಂದು ಡಿಗರಿಯೂ ನಕ್ಕ. ಮಗಳು ಕೆರೆನ್ಸ ಅವನ ತೋಳು ಹಿಡಿದು ಒಳಗೆ ಕರೆದೊಯ್ದಳು. ಅವಳ ಇನ್ನೊಂದು ಪಕ್ಕದಲ್ಲಿ ಪಾಸ್ಕೋ ಇದ್ದ. ಮರುದಿನ ಬೆಳಗಿನ ಪ್ರಾರ್ಥನೆಯಲ್ಲಿ ಪಾಸ್ಕೋನ ತಂದೆ ಎಲೀಜರ್ ನಾನ್ಸ್ ಎದ್ದುನಿಂತು ಈ ಇಬ್ಬರ ಮದುವೆಯನ್ನು ಊರಿಗೆ ಹೇಳುವವನಿದ್ದ. ನಾನ್ಸ್ ಮನೆಗೆ ಒಬ್ಬಳು ಆಂಗ್ವಿನ್ ಸೊಸೆಯಾಗಿ ಹೋಗುವುದೆಂದರೆ, ಆ ಊರಿನಲ್ಲಿ, ಬೆಂಕಿ ನೀರು ಒಂದೇ ಮಡಕೆಯಲ್ಲಿ ಕೂಡಿದಂತೆ.

ಕಳ್ಳಸಾಗಣೆ ನಿಂತು ನೂರು ವರ್ಷದ ಮೇಲಾಗಿತ್ತು. ಅದರ ಮರ್ಯಾದೆ ಮಾತ್ರ ಇನ್ನೂ ನಿಂತಿರಲಿಲ್ಲ. ಫ್ರಾನ್ಸಿನ ಬ್ರಾಂದಿ ಹೊತ್ತ ಗಂಡಸರು ಓಣಿ ಹತ್ತಿ ಬರುವಾಗ, ಬಾಗಿಲಲ್ಲಿದ್ದವರೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರಂತೆ. ನಾಳೆ ಸುಂಕದವರು ಬಂದು ಬೈಬಲ್ಲಿನ ಮೇಲೆ ಕೈಯಿಡಿಸಿದಾಗ "ನಾನೇನೂ ನೋಡಲಿಲ್ಲ" ಎಂಬ ಮಾತು ಸುಳ್ಳಾಗಬಾರದಲ್ಲ. ಬ್ರಾಂದಿ ಹೋಯಿತು, ಗೋಡೆ ಉಳಿಯಿತು. ಈಗಲೂ ಒಬ್ಬನ ದೋಣಿ ಬರಿದಾಗಿ ಮರಳಿದರೆ ಕಟ್ಟೆಯ ಮೇಲಿನವರು ಬಲೆಮನೆಯ ಗೋಡೆಯ ಕಡೆ ತಿರುಗುತ್ತಾರೆ. ಒಬ್ಬಳ ಗಂಡ ಕುಡಿದು ತೂರಾಡುತ್ತ ಬಂದರೆ, ನೆರೆಯವರಿಗೆ ಎದುರಿನ ಸುಣ್ಣದಲ್ಲಿ ಏನೋ ಕಾಣಿಸುತ್ತದೆ. ಇನ್ನೊಬ್ಬನ ಸೋಲನ್ನು ಕಾಣದೆ ಇರುವುದು ಅಲ್ಲಿಯ ಸೌಜನ್ಯ.

ಆಂಗ್ವಿನ್ ಮನೆತನಕ್ಕೆ ಆ ಸೌಜನ್ಯ ಸಂದಿರಲಿಲ್ಲ. ಡಿಗರಿಯ ಮುತ್ತಜ್ಜ ಸ್ಯಾಂಪ್ಸನ್ ಒಂದು ಇರುಳು ಗೋಡೆಗೆ ತಿರುಗದೆ ಬೀದಿಯನ್ನು ನೋಡಿದ. ನೋಡಿದ್ದನ್ನು ಸುಂಕದವರ ಮುಂದೆ ಹೇಳಿದ. ನಾನ್ಸ್ ಮನೆಯ ಹಿರಿಮಗನಿಗೆ ಬೇಡಿ ಹಾಕಿ, ಹಡಗು ಹತ್ತಿಸಿ, ಭೂಮಿಯ ಇನ್ನೊಂದು ಮಗ್ಗುಲಿಗೆ ಕಳಿಸಿದರು. ಅವನು ಮರಳಲಿಲ್ಲ. ಮುಂದೆ ಡಿಗರಿಯ ಅಪ್ಪ ತನ್ನದೇ ತಪ್ಪಿನಿಂದ ದೋಣಿಯನ್ನು ಬಂದರಿನ ಬಾಯಲ್ಲೇ ಬಂಡೆಗೆ ಬಡಿದು ಒಡೆದುಕೊಂಡ ದಿನ, ಇಡೀ ಊರು ಕಟ್ಟೆಯ ಮೇಲೆ ಸಾಲಾಗಿ ನಿಂತು ಎವೆಯಿಕ್ಕದೆ ನೋಡಿತು. ಒಬ್ಬರೂ ಗೋಡೆಗೆ ತಿರುಗಲಿಲ್ಲ. ಅಪ್ಪನ ಜೊತೆ ನೀರಿನಲ್ಲಿದ್ದ ಡಿಗರಿಗೆ ಆಗ ಕಂಡ ಆ ಮುಖಗಳ ಸಾಲು ಅರವತ್ತು ದಾಟಿದ ಮೇಲೂ ಕಣ್ಣು ಮುಚ್ಚಿದರೆ ಬರುತ್ತಿತ್ತು. ಅವನು ಕಡಲಿನ ಸಹವಾಸವನ್ನೇ ಬಿಟ್ಟ. ಪೀಪಾಯಿ ಕಟ್ಟುವ ಕಸುಬು ಹಿಡಿದು, ಬೀದಿಯಲ್ಲಿ ನಡೆಯುವಾಗ ತನ್ನ ಬೂಟಿನ ತುದಿಯನ್ನಷ್ಟೇ ನೋಡುವುದನ್ನು ಕಲಿತ.

ಹೋದ ಬೇಸಿಗೆಯಲ್ಲಿ ಸಿನಿಮಾದವರು ಬಂದರು. ಕಳ್ಳಸಾಗಣೆಯ ಕಥೆ, ನೀರು ತುಂಬಿದ ತವರದ ಗಣಿಯಲ್ಲಿ ಹುದುಗಿದ ನಿಧಿಯಂತೆ, ಹಗ್ಗ ಹಿಡಿದು ಹಾರುವ ನಾಯಕನಂತೆ. ಪ್ರಾರ್ಥನಾ ಮಂದಿರದ ಸೋರುವ ಮಾಡಿಗೆ ಹೊಸ ಹಲಗೆಗಲ್ಲು ಹೊದಿಸಿಕೊಡುತ್ತೇವೆ ಎಂದಾಗ ಹಿರಿಯರು ಒಪ್ಪಿದರು. ಪೀಪಾಯಿಗಳಲ್ಲಿ ಹನಿ ಮದ್ಯವೂ ಇರಕೂಡದೆಂಬುದು ಎಲೀಜರ್ ಹಾಕಿದ ಷರತ್ತು. ಆ ಪೀಪಾಯಿಗಳನ್ನು ಕಟ್ಟಿದವನು ಡಿಗರಿ.

ಉರಿಬಿಸಿಲಿನಲ್ಲೇ ಇರುಳನ್ನು ತೆಗೆದರು. ಕ್ಯಾಮೆರಾದ ಕಣ್ಣಿಗೆ ಕಪ್ಪು ಗಾಜು ಹಾಕಿದರೆ ಸೂರ್ಯನೇ ಚಂದ್ರನಾಗುತ್ತಾನೆ ಎಂದು ಹೇಳಿ, ಬೆಳದಿಂಗಳು ಹೊಳೆಯಲೆಂದು ಓಣಿಯ ಕಲ್ಲುಗಳಿಗೆಲ್ಲ ನೀರು ಹೊಯ್ದರು. ಹೊರುವವರು ಕೆಳಗಿನಿಂದ ಹೊರಟರು. ಸಾಲಿನ ಕೊನೆಯವನು ಎಲೀಜರ್. ಕ್ಯಾಮೆರಾ ಸಾಲಿನ ಮುಂದೆ ಹಿಂದಿಂದಕ್ಕೆ ಉರುಳುತ್ತಿತ್ತು. ಬಾಗಿಲುಗಳಲ್ಲಿ ನಿಂತ ಊರವರೆಲ್ಲ ಯಾರೂ ಕಲಿಸದೆಯೇ ಗೋಡೆಗೆ ತಿರುಗಿದರು. ಡಿಗರಿಯೂ ತಿರುಗಿದ. ಮೂಗಿನ ಹತ್ತಿರ ಸುಣ್ಣದ ವಾಸನೆ. ಬೆನ್ನ ಹಿಂದೆ ಬೂಟುಗಳ ಸದ್ದು, ಮರ ಮರಕ್ಕೆ ತಾಗುವ ಟೊಳ್ಳು ಸದ್ದು. ಅವು ಅವನ ಪೀಪಾಯಿಗಳು. ಜನ್ಮವಿಡೀ ತಗ್ಗಿಸಿದ್ದ ಕಣ್ಣು ಆ ಒಂದು ಗಳಿಗೆ ಅವನ ಮಾತು ಕೇಳಲಿಲ್ಲ. ಅವನು ತಿರುಗಿ ನೋಡಿದ.

ಅದಾದ ಮೇಲೆ ಎಲೀಜರ್ ಜಾರಿದ. ಸಾಲಿನ ಕೊನೆಯಲ್ಲಿದ್ದುದರಿಂದ ಮುಂದಿನವರಿಗೆ ಅದು ತಿಳಿಯಲಿಲ್ಲ; ಗೋಡೆ ನೋಡುತ್ತಿದ್ದವರಿಗೂ ತಿಳಿಯಲಿಲ್ಲ. ಅವನು ಪೀಪಾಯಿ ಎತ್ತಿಕೊಂಡು ಎದ್ದು, ಏನೂ ಆಗದವನಂತೆ ನಡೆದುಹೋದ. ಮರುದಿನ ಕೈಗೆ ಪಟ್ಟಿ ಕಟ್ಟಿದ್ದ. ಹಸು ತಳ್ಳಿತು ಎಂದ. ಡಿಗರಿ ಯಾರಿಗೂ ಏನೂ ಹೇಳಲಿಲ್ಲ. ತನ್ನ ಮುಖ ಕ್ಯಾಮೆರಾದ ಕಣ್ಣಿಗೆ ಬಿದ್ದಿರದಿರಲಿ ಎಂದು ಮಾತ್ರ ಮಳೆಗಾಲ ಚಳಿಗಾಲವೆನ್ನದೆ ಬೇಡಿಕೊಂಡ.

ಬಿದ್ದಿತ್ತು.

ಚಿತ್ರಮಂದಿರದ ಕತ್ತಲೆಯಲ್ಲಿ ನೀಲಿ ಇರುಳೊಂದು ತೆರೆಯಿತು. ಓಣಿ, ಬೆನ್ನುಗಳ ಸಾಲು, ಹೊಳೆಯುವ ಕಲ್ಲು. "ಅಗೋ ನನ್ನ ಬೆನ್ನು!" ಎಂದು ಲವ್‌ಡೇ ಅತ್ತೆ ಕೂಗಿದಳು. ಆಮೇಲೆ ಆ ಬೆನ್ನುಗಳ ನಡುವೆ ಒಂದು ಮುಖ ಮೆಲ್ಲನೆ ಹೊರಳಿತು. ಅದು ಮನೆಯಷ್ಟು ದೊಡ್ಡದಾಗಿ ಪರದೆಯನ್ನು ತುಂಬಿತು. ಅದರಲ್ಲಿ ಭಯವಿರಲಿಲ್ಲ, ಕಪಟವೂ ಇರಲಿಲ್ಲ. ಜಾತ್ರೆಯ ಅಂಗಡಿಯ ಮುಂದೆ ನಿಂತ ಹಸಿದ ಮಗುವಿನ ಆಸೆಯಿತ್ತು, ಬಾಯಿ ಅರೆ ತೆರೆದ ಸುಖವಿತ್ತು. ಬೇಹುಗಾರನ ಮುಖವಾಗಿದ್ದರೆ ಸಹಿಸಬಹುದಿತ್ತು ಎನಿಸಿತು ಡಿಗರಿಗೆ. ತನ್ನೊಳಗೆ ಇಷ್ಟು ಆಸೆ ಬಚ್ಚಿಟ್ಟುಕೊಂಡಿತ್ತೆಂದು ಅವನಿಗೇ ಗೊತ್ತಿರಲಿಲ್ಲ. ಈಗ ಅದನ್ನು ಊರೆಲ್ಲ ನೋಡುತ್ತಿತ್ತು, ಮೈಮೇಲಿನ ಬಟ್ಟೆ ಜಾರಿದವನನ್ನು ನೋಡಿದ ಹಾಗೆ.

ಸಿನಿಮಾದವರಿಗೆ ಆ ಮುಖ ಉಪಯೋಗಕ್ಕೆ ಬಂದಿತ್ತು. ಅದರ ಬೆನ್ನಿಗೇ ಸುಂಕದವರ ಕುದುರೆಗಳು ದೌಡಾಯಿಸಿ ಬಂದವು. ಪೇಟೆಯ ಜನ "ಥೂ, ದ್ರೋಹಿ" ಎಂದರು. ಕೆರೆನ್ಸಳ ಕೈ ಅವನ ತೋಳಿನಿಂದ ಸರಿಯಿತು. ನಾಯಕ ಹಗ್ಗ ಹಿಡಿದು ಹಾರಿದ್ದು, ಕತ್ತಿಗಳು ಕಿಡಿಕಾರಿದ್ದು, ನಿಧಿಯ ಪೆಟ್ಟಿಗೆ ನೀರಿನಿಂದ ಮೇಲೆದ್ದದ್ದು ಯಾವುದೂ ಡಿಗರಿಯ ಕಣ್ಣಿಗೆ ಹೊಗಲಿಲ್ಲ.

ಮರಳುವ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ ಉಳಿಯಿತು.

"ಎಲ್ರೂ ಗೋಡೆ ನೋಡಿದ್ರೆ ಇವ್ರೊಬ್ರಿಗೆ ಬೀದಿ ಕಾಣುತ್ತೆ. ವಂಶದ ಕಣ್ಣು ಕಣ್ರಪ್ಪ" ಎಂದ ಜ್ಯಾಗೊ.

"ಸುಮ್ನಿರೋ. ನಾಳೆ ನಾನ್ಸ್ ಮನೆಯೋರು ಏನ್ಮಾಡ್ತಾರೋ ಏನೋ" ಎಂದಳು ಲವ್‌ಡೇ ಅತ್ತೆ, ಪಿಸುಮಾತೆಂದು ತಾನು ನಂಬಿದ್ದ ದನಿಯಲ್ಲಿ.

ಮುಂದಿನ ಸೀಟಿನಿಂದ ಕೆರೆನ್ಸ ತಿರುಗಿದಳು. ಅತ್ತಿರಲಿಲ್ಲ, ಕೆನ್ನೆ ಮಾತ್ರ ಕೆಂಪಾಗಿತ್ತು. "ಯಾಕಪ್ಪಾ ನೋಡ್ದೆ?"

"ನೋಡ್ದೆ, ಅಷ್ಟೇ ಮಗಳೇ."

"ಅಷ್ಟೇ ಅಂದ್ರೆ? ಏನೋ ಒಂದು ಕಾರಣ ಇರ್ಬೇಕಲ್ಲ. ಹೇಳು. ಇವ್ರಿಗೆಲ್ಲ ಕೇಳೋ ಹಾಗೆ ಹೇಳು."

ಕಾರಣವೊಂದು ನಾಲಗೆಯ ತುದಿಯಲ್ಲೇ ಇತ್ತು. ಎಲೀಜರ್ ಬಿದ್ದ, ಅದಕ್ಕೆ ತಿರುಗಿದೆ ಎಂದರೆ ಮುಗಿಯಿತು. ಆದರೆ ಹಾಗೆನ್ನುವುದು ಒಬ್ಬ ಆಂಗ್ವಿನ್ ಒಬ್ಬ ನಾನ್ಸನ ಮೇಲೆ ಮತ್ತೆ ಚಾಡಿ ಹೇಳಿದಂತೆ. ಅದಕ್ಕಿಂತ ಮಿಗಿಲಾಗಿ ಅದು ನಿಜವಲ್ಲ. ಅವನು ತನ್ನ ಬೂಟಿನ ತುದಿಯನ್ನು ನೋಡುತ್ತ ಕುಳಿತ. "ನಿನ್ನ ಮದುವೆ ಕೆಟ್ರೆ ಅದು ನನ್ನಿಂದ" ಎಂದಷ್ಟೇ ಹೇಳಲು ಬಂತು.

ಆಗ ಹಿಂದಿನ ಸಾಲಿನಲ್ಲಿ ಎಲೀಜರ್ ನಾನ್ಸ್ ಎದ್ದ. ಮುಳುಗುವವರನ್ನು ಕಾಪಾಡಲು ಹೋಗುವ ಲೈಫ್‌ಬೋಟಿನ ಚುಕ್ಕಾಣಿ ಹಿಡಿದು ಬಿರುಗಾಳಿಯಲ್ಲೂ ಕದಲದೆ ನಿಂತ ಎತ್ತರದ ಆಳು. ಬಸ್ಸಿನ ಮಾಡಿಗೆ ತಲೆ ತಾಗದಂತೆ ಬಗ್ಗಿ ನಿಂತ.

"ಹೋದ್ವರ್ಷ ನನ್ನ ಕೈ ಉಳುಕಿತ್ತು. ನೆನಪಿದ್ಯಾ?"

"ನಿಮ್ಮನೆ ಹಸು ತಳ್ಳಿದ್ದಲ್ವಾ?" ಎಂದ ಜ್ಯಾಗೊ.

"ತಳ್ಳಲಿಲ್ಲ. ಮೂಕ ಪ್ರಾಣಿ ಮೇಲೆ ಸುಳ್ಳು ಹೊರಿಸ್ದೆ. ಓಣೀಲಿ ನಾನೇ ಜಾರಿ ಬಿದ್ದೆ. ಖಾಲಿ ಪೀಪಾಯಿ ಹೊತ್ಕೊಂಡು, ಅಂಗಾತ. ನೀವೆಲ್ಲ ಗೋಡೆ ನೋಡ್ತಿದ್ರಿ, ಒಬ್ರಿಗೂ ಕಾಣಲಿಲ್ಲ. ಬಿದ್ದ ಸದ್ದಿಗೆ ತಿರುಗಿದೋನು ಇವನೊಬ್ನೇ. ಕಂಡಿದ್ದನ್ನ ವರ್ಷದಿಂದ ಬಾಯಿ ಬಿಟ್ಟಿಲ್ಲ, ಈಗ ನೀವು ಇಷ್ಟು ಅಂದ್ರೂ ಬಿಡಲಿಲ್ಲ. ಬಿದ್ದೋನ ಕಡೆ ತಿರುಗೋದು ಪಾಪ ಅಂತಿದ್ರೆ ನಾಳೆ ಪ್ರಾರ್ಥನೇಲಿ ಹೇಳಿ, ಮದುವೆ ಮಾತು ನಾನು ಎತ್ತೋದಿಲ್ಲ."

ಲವ್‌ಡೇ ಅತ್ತೆ ಹಣೆ ಬಡಿದುಕೊಂಡಳು. "ಅಯ್ಯೋ, ಆ ಹಸು! ಕಂಡಾಗಲೆಲ್ಲ ಅದಕ್ಕೆ ಶಾಪ ಹಾಕಿದ್ನಲ್ಲೋ ನಾನು!"

ನಗೆ ಸಿಡಿಯಿತು. "ಖಾಲಿ ಪೀಪಾಯಿಗೇ ಅಂಗಾತ ಆದ್ರೆ, ತುಂಬಿದ್ದು ಹೊತ್ತಿದ್ರೆ ಏನ್ ಕಥೆ ಕ್ಯಾಪ್ಟನ್!" ಎಂದ ಜ್ಯಾಗೊ. ಊರಿನ ಅತ್ಯಂತ ಬಿಗುವಿನ ಮನುಷ್ಯನನ್ನು ನೋಡಿ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲೀಜರ್ ಕಿವಿ ಕೆಂಪಾಗಿಸಿಕೊಂಡು ಆ ನಗೆಯ ಮಳೆಯಲ್ಲಿ ನೆನೆಯುತ್ತ ನಿಂತ. ಯಾರೋ ಡಿಗರಿಯ ಬೆನ್ನು ತಟ್ಟಿದರು. ಲವ್‌ಡೇ ಅತ್ತೆ ಬುಟ್ಟಿಯಿಂದ ಒಂದು ಕೇಸರಿ ಬನ್ನು ತೆಗೆದು ಅವನ ಕೈಯಲ್ಲಿಟ್ಟಳು. "ತಿನ್ನು. ಬಾಯಿ ಬಿಟ್ಟಿದ್ರೆ ಬಚಾವಾಗ್ತಿದ್ದೆ, ಆದ್ರೂ ಬಿಡಲಿಲ್ಲ ನೋಡು. ನಾವೇ ಪಾಪಿಗಳು." ಕೆರೆನ್ಸ ಅವನ ಪಕ್ಕದ ಖಾಲಿ ಸೀಟಿಗೆ ಬಂದು ಕುಳಿತು, ಭುಜಕ್ಕೆ ತಲೆಯಿಟ್ಟಳು.

ಡಿಗರಿ ಬಾಯಿ ತೆರೆದ. ಮಗಳ ಕೂದಲು ಗಲ್ಲಕ್ಕೆ ತಾಗುತ್ತಿತ್ತು. ಬಾಯಿ ಮುಚ್ಚಿದ. ಆಂಗ್ವಿನ್ ಮನೆತನಕ್ಕೆ ಊರು ಕೊಟ್ಟ ಮೊದಲ ಮರ್ಯಾದೆ ಅವನ ಅಂಗೈಯಲ್ಲಿ ಕಲ್ಲಿನಂತೆ ಭಾರವಾಗಿ ಕುಳಿತಿತ್ತು. ಅದನ್ನು ಅವನು ಕದ್ದಿದ್ದ.

ಬಸ್ಸು ಗುಡ್ಡದ ನೆತ್ತಿಯಲ್ಲೇ ನಿಲ್ಲಬೇಕು. ಅಲ್ಲಿಂದ ಕೆಳಕ್ಕೆ ಓಣಿ ಅಷ್ಟು ಇಕ್ಕಟ್ಟು. ಕಡಲಿನ ಮೇಲೆ ಇನ್ನೂ ಬಿಸಿಲಿತ್ತು. ಎಲ್ಲರೂ ನಗುತ್ತ ಇಳಿದುಹೋದ ಮೇಲೆ ಡಿಗರಿ ಕಾದುನಿಂತು ಎಲೀಜರನ ಜೊತೆ ಹೆಜ್ಜೆ ಹಾಕಿದ. ಹೋದ ಬೇಸಿಗೆಯಲ್ಲಿ ಎಲೀಜರ್ ಜಾರಿದ್ದ ಕಲ್ಲಿನ ಹತ್ತಿರ ಬಂದಾಗ ನಿಂತ.

"ಎಲೀಜರ್, ನೀನು ಬೀಳೋಕೆ ಮುಂಚೇನೇ ನಾನು ತಿರುಗಿದ್ದೆ."

"ಗೊತ್ತು."

"ಗೊತ್ತಾ?"

"ನಾನು ಜಾರಿದ್ದು ಯಾಕೆ ಅಂದ್ಕೊಂಡೆ? ಕಲ್ಲಿಗಾ? ಈ ಕಲ್ಲು ನಂಗೆ ಹುಟ್ಟಿದಾಗಿಂದ ಗೊತ್ತು. ತಲೆಯೆತ್ತಿದ್ರೆ ಅಷ್ಟೂ ಬೆನ್ನುಗಳ ಮಧ್ಯೆ ಒಂದು ಮುಖ. ಅದೂ ಆಂಗ್ವಿನ್ ಮುಖ. ನಮ್ಮಜ್ಜಿ ಹೇಳ್ತಿದ್ದ ಕಥೆಯೆಲ್ಲ ಒಂದೇ ಸಲ ಎದೆಗೆ ನುಗ್ತು, ಕಾಲು ಹೋಯ್ತು."

ಡಿಗರಿ ಗೋಡೆಗೆ ಕೈಯೂರಿದ. "ಹಾಗಾದ್ರೆ ಬಸ್ಸಲ್ಲಿ ನೀನು... ನೀನು ಸುಳ್ಳು ಹೇಳೋನಲ್ಲ."

"ಅಲ್ಲ. ಹಸು ಮೇಲೆ ಹೊರಿಸಿದ್ದು ಒಂದು, ಇವತ್ತಿಂದು ಎರಡು. ದೇವರ ಹತ್ರ ನಾನೇ ಮಾತಾಡ್ಕೋತೀನಿ, ನೀನು ಮಧ್ಯೆ ಬರ್ಬೇಡ." ಆಮೇಲೆ ಕೇಳಿದ: "ಅಷ್ಟಕ್ಕೂ ಏನ್ ನೋಡ್ತಿದ್ದೆ?"

"ಪೀಪಾಯಿಗಳನ್ನ. ನಾನ್ ಕಟ್ಟಿದ್ದು. ಎಲ್ರ ಹೆಗಲ ಮೇಲೂ ಹತ್ಕೊಂಡು ಹೋಗ್ತಿದ್ವು. ಅಷ್ಟು ಚಂದ ಇರುತ್ತೆ ಅಂತ... ತಡೆಯೋಕಾಗ್ಲಿಲ್ಲ."

"ನಿಮ್ಮ ಮುತ್ತಜ್ಜನೂ ಅಷ್ಟಕ್ಕೇ ನೋಡಿರ್ಬಹುದು."

"ಅವನು ನೋಡಿ ಸುಮ್ನಿರ್ಲಿಲ್ಲ. ಹೇಳಿದ."

"ಹೂಂ" ಎಂದ ಎಲೀಜರ್. ಅದನ್ನು ಅಲ್ಲಗಳೆಯಲಿಲ್ಲ, ಮರೆತುಬಿಡು ಎಂದೂ ಅನ್ನಲಿಲ್ಲ. "ಹೇಳಿದ."

ಡಿಗರಿಯ ಕಣ್ಣು ತುಂಬಿತು. ಒಬ್ಬ ನಾನ್ಸನ ಮುಂದೆ, ಹಾಡುಹಗಲು, ಬೀದಿಯ ನಡುವೆ ಅಳು. ಒರೆಸಿಕೊಳ್ಳೋಣವೆಂದರೆ ಒಂದು ಕೈಯಲ್ಲಿ ಬನ್ನು, ಇನ್ನೊಂದು ಗೋಡೆಯ ಮೇಲೆ. ಕೆಳಗಡೆ ಬಂದರಿನಲ್ಲಿ ಜ್ಯಾಗೊ ಎಲೀಜರ್ ಬಿದ್ದ ಬಗೆಯನ್ನು ನಟಿಸಿ ತೋರಿಸುತ್ತಿದ್ದುದಕ್ಕೆ ಜನ ನಗುತ್ತಿದ್ದರು.

ಎಲೀಜರ್ ಅವನನ್ನು ಒಮ್ಮೆ ನೋಡಿದ. ಆಮೇಲೆ ನಿಧಾನವಾಗಿ, ಚುಕ್ಕಾಣಿ ತಿರುಗಿಸುವವನಂತೆ, ಮೈಯನ್ನು ಹೊರಳಿಸಿ ಎದುರಿನ ಗೋಡೆಗೆ ಮುಖ ಮಾಡಿ ನಿಂತ. ಕಲ್ಲಿನ ಬಿರುಕಿನಲ್ಲಿ ಬೆಳೆದಿದ್ದ ಹಾವಸೆಯನ್ನು ಉಗುರಿನಿಂದ ಕೆರೆದ.

"ಈ ಗೋಡೆಗೆ ಸುಣ್ಣ ಬಳೀಬೇಕು, ಬೀಗರೇ" ಎಂದ. "ಮದುವೆಗೆ ಮುಂಚೆ."

ಡಿಗರಿ ಆ ಅಗಲವಾದ ಬೆನ್ನನ್ನು ನೋಡುತ್ತ ಅತ್ತ. ಆ ಸೌಜನ್ಯವನ್ನು ಪಡೆಯುವ ಯೋಗ್ಯತೆ ತನಗಿಲ್ಲ ಎಂಬುದು ಅವನಿಗೆ ತಿಳಿದಿತ್ತು. ಅಳು ಮುಗಿಯುವವರೆಗೂ ಎಲೀಜರ್ ತಿರುಗಲಿಲ್ಲ.